ಪಟ್ಟಿಯಲ್ಲಿ ನಾನೇ ರೈತ

"ರೈತು ಎವರಮ್ಮಾ?"

ಎರಡು ವಾರದ ಹಿಂದೆ, ಒಂದು ಬುಧವಾರ ಬೆಳಿಗ್ಗೆ, ಕೌತಾಳಂ ಕಡೆಯ ಒಂದು ಹಳ್ಳಿಯ ಸಚಿವಾಲಯದಲ್ಲಿ ಕುಳಿತಿದ್ದೆ. (ಸಚಿವಾಲಯ ಎಂದೊಡನೆ ದೊಡ್ಡ ಕಂಬ, ಮೆಟ್ಟಿಲು ಕಲ್ಪಿಸಿಕೊಳ್ಳಬೇಡಿ. ನಮ್ಮ ಆಂಧ್ರದಲ್ಲಿ ಊರೂರಿಗೂ ಒಂದೊಂದು ಇದೆ. ಎರಡು ಕೋಣೆ, ಮೂರು ಕಂಪ್ಯೂಟರ್, ಒಂದು ಫ್ಯಾನು.) ಅಲ್ಲಿನ ಕೃಷಿ ಸಹಾಯಕಿ ಕಂಪ್ಯೂಟರಿನಿಂದ ಮುಖ ಎತ್ತದೆ ಹಾಗೆ ಕೇಳಿದಳು. ರೈತ ಯಾರಮ್ಮ, ಅಂತ.

ಪಕ್ಕದಲ್ಲಿ ಕುಳಿತಿದ್ದ ಹಂಪಮ್ಮನನ್ನು ತೋರಿಸಿ, ಈಕೆಯ ಗಂಡ ನಿಂಗಪ್ಪ ಎಂದೆ. ತೀರಿಕೊಂಡು ಇಪ್ಪತ್ತು ದಿನವಾಯಿತು, ಹೊಲದಲ್ಲೇ ಹಾವು ಕಚ್ಚಿತು ಎಂದೂ ಹೇಳಿದೆ.

ಆಕೆ ಸರ್ವೆ ನಂಬರ್ ಕೇಳಿ ಟೈಪ್ ಮಾಡಿದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. ಭೂಮಿಯ ಮಾಲೀಕರು ಎಂಬಲ್ಲಿ ನನ್ನ ಹೆಸರು. ಅದು ಸರಿ. ಅದರ ಮುಂದೆ, ಸಾಗುವಳಿ ಮಾಡುವವರು ಎಂಬಲ್ಲಿಯೂ ನನ್ನದೇ ಹೆಸರು. ಈ ವರ್ಷ ಶೇಂಗಾ ಬಿತ್ತಿದವಳು ನಾನು. ಹೋದ ವರ್ಷ ಹತ್ತಿ ಬೆಳೆದವಳೂ ನಾನು.

"ಹಾಗಾದರೆ ರೈತರು ನೀವೇ" ಎಂದಳು. ವ್ಯಂಗ್ಯವೇನೂ ಇರಲಿಲ್ಲ. ಇದ್ದದ್ದನ್ನು ಓದಿ ಹೇಳಿದಳು, ಅಷ್ಟೆ.

ನನಗೆ ಅರವತ್ತಾರು ವರ್ಷ. ಆದೋನಿಯ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಕುಂಟೆ ಎಂದರೇನು, ಕೂರಿಗೆ ಎಂದರೇನು ಎಂದು ಕೇಳಿದರೆ ಪಾಠದಲ್ಲಿ ಇದ್ದ ಉತ್ತರ ಹೇಳಬಲ್ಲೆ. ಎರಡನ್ನೂ ಕೈಯಲ್ಲಿ ಹಿಡಿದಿಲ್ಲ. ಈ ಅಂಕಣವನ್ನು ವಾರ ವಾರ ಓದುವ ನಿಮಗೆ ಅದು ಗೊತ್ತೇ ಇದೆ. ಸರ್ಕಾರಕ್ಕೆ ಮಾತ್ರ ಗೊತ್ತಿಲ್ಲ.

ನಾಲ್ಕು ಎಕರೆ ಎರೆಭೂಮಿ ಅದು. ನಮ್ಮ ತಂದೆ ಊರು ಬಿಟ್ಟು ಆದೋನಿಯಲ್ಲಿ ಗುಮಾಸ್ತಿಕೆಗೆ ಸೇರಿದ ಮೇಲೆ ಯಾರು ಯಾರೋ ಮಾಡಿದರು. ಕೊನೆಗೆ ನಿಂಗಪ್ಪನ ಕೈಗೆ ಬಂತು. ಕೌಲು ಅನ್ನುತ್ತೇವೆ ನಾವು, ನೀವು ಗುತ್ತಿಗೆ ಅಥವಾ ಲಾವಣಿ ಅನ್ನಬಹುದು. ವರ್ಷಕ್ಕೆ ಇಷ್ಟು ಎಂದು ಮಾಲೀಕರಿಗೆ ಕೊಡುವುದು, ಉಳಿದ ಲಾಭ ನಷ್ಟ ಎಲ್ಲ ಉಳುವವನದು. ಕಾಗದ ಪತ್ರ ಏನೂ ಇಲ್ಲ. ತಂದೆ ಹೋದ ಮೇಲೆ ಹೊಲ ನನ್ನ ಹೆಸರಿಗೆ ಬಂತು. ನಿಂಗಪ್ಪನೂ ಹೊಲದ ಜೊತೆಗೇ ಬಂದ.

ಎತ್ತರದ ಆಳು. ಮಾತು ಕಡಿಮೆ. ಹೊಳಗುಂದದ ಕಡೆಯ ಹೆಣ್ಣು ಹಂಪಮ್ಮನನ್ನು ಮದುವೆಯಾಗಿ, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿ, ಇಬ್ಬರಿಗೂ ಮದುವೆ ಮಾಡಿದ್ದ. ಒಮ್ಮೆ ನಾನು ಹೊಲಕ್ಕೆ ಹೋದಾಗ ಒಂದು ಶೇಂಗಾ ಗಿಡ ಕಿತ್ತು, ಕಾಯಿ ಒಡೆದು, ಬೀಜ ನನ್ನ ಕೈಗೆ ಹಾಕಿ, ಸಿಪ್ಪೆಯ ಒಳಮೈ ತೋರಿಸಿದ್ದ. ಅದು ಬೆಳ್ಳಗಿದ್ದರೆ ಇನ್ನೂ ಎಳಸು, ಕಪ್ಪಗಾದರೆ ಬೆಳೆದಿದೆ ಎಂದು ಅರ್ಥವಂತೆ. ನಾನು ಅಷ್ಟು ವರ್ಷ ಶೇಂಗಾ ತಿಂದವಳು, ಸಿಪ್ಪೆಯ ಒಳಗೆ ಎಂದೂ ನೋಡಿರಲಿಲ್ಲ.

ಮತ್ತೊಂದು ವಿಷಯ. ಇಷ್ಟು ವರ್ಷದಲ್ಲಿ ಆತ ಒಮ್ಮೆಯೂ 'ನಮ್ಮ ಹೊಲ' ಎಂದದ್ದು ನನಗೆ ನೆನಪಿಲ್ಲ. 'ನಿಮ್ಮ ಹೊಲ' ಎಂದೇ ಅನ್ನುತ್ತಿದ್ದ.

ಇನ್ನು ಸರ್ಕಾರದ ದುಡ್ಡಿನ ಮಾತು. ಕೇಂದ್ರದ್ದೊಂದು, ರಾಜ್ಯದ್ದೊಂದು, ಬಿತ್ತನೆಗೆ ಸಹಾಯ ಎಂದು ರೈತರ ಖಾತೆಗೆ ಬರುತ್ತದಲ್ಲ, ಅದು ನನ್ನ ಖಾತೆಗೆ ಬರುತ್ತದೆ. ಪಾಸ್‌ಬುಕ್ ನನ್ನ ಹೆಸರಲ್ಲಿದೆ, ಆಧಾರ್ ನನ್ನದು, ಮೊಬೈಲ್ ನನ್ನದು. (ಸರ್ಕಾರಿ ಪೆನ್ಷನ್ ಇದ್ದಿದ್ದರೆ ಪಟ್ಟಿಯಿಂದ ತೆಗೆಯುತ್ತಿದ್ದರು. ಖಾಸಗಿ ಶಾಲೆಯವರಿಗೆ ಪೆನ್ಷನ್ ಇಲ್ಲ. ಹಾಗಾಗಿ ನಾನು ರೈತಳಾಗಿ ಉಳಿದೆ.) ರಿಯಾಯಿತಿ ದರದ ಬೀಜಕ್ಕೂ ನನ್ನ ಬೆರಳಚ್ಚು ಬೇಕು. ಬೆಳೆ ನಷ್ಟವಾದರೆ ಪರಿಹಾರವೂ ನನಗೇ. ನಷ್ಟ ಆಗುವುದು ಯಾರಿಗೆ?

ಮೊದಲ ಸಲ ಬಂದಾಗ ಬ್ಯಾಂಕಿನಿಂದ ತೆಗೆದು ಪೂರ್ತಿ ನಿಂಗಪ್ಪನಿಗೆ ಕೊಟ್ಟೆ. ಎರಡೂ ಕೈಯೊಡ್ಡಿ ತೆಗೆದುಕೊಂಡ. ದೊಡ್ಡ ಉಪಕಾರ ಆಯ್ತು ಎಂದ. ಅವನದೇ ಅಲ್ಲವೇ ಅದು? ಆದರೆ ಆತ ಹಾಗೆ ಅಂದಾಗ ನನಗೆ ಒಂದು ಥರ ಹಿತವಾಯಿತು. ಸುಳ್ಳೇಕೆ ಹೇಳಲಿ.

ಎರಡನೆಯ ಸಲ ಅರ್ಧ ಕೊಟ್ಟೆ. ಮೂರನೆಯ ಸಲ ಮನೆಯ ಗೀಸರ್ ಕೆಟ್ಟಿತ್ತು. ಆಮೇಲೆ ಆತನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನೊಬ್ಬಳೇ ಅಂದುಕೊಳ್ಳಬೇಡಿ. ಬೆಳಿಗ್ಗೆ ವಾಕಿಂಗ್ ಹೋಗುವ ನಮ್ಮ ಗುಂಪಿನಲ್ಲಿ ಐದು ಜನ ಇದ್ದೇವೆ. ಒಬ್ಬರ ಗಂಡನಿಗೆ ಬಟ್ಟೆ ಅಂಗಡಿ. ಒಬ್ಬರ ಮನೆಯಲ್ಲಿ ಹತ್ತಿ ವ್ಯಾಪಾರ. ಇನ್ನೊಬ್ಬರ ಮನೆಯವರು ಮಂತ್ರಾಲಯದಲ್ಲಿ ಲಾಡ್ಜ್ ನಡೆಸುತ್ತಾರೆ. ಒಂದು ದಿನ ನಡೆಯುತ್ತಿದ್ದಾಗಲೇ ನಾಲ್ವರ ಫೋನು ಒಂದರ ಹಿಂದೆ ಒಂದು ಟಿಣ್ ಎಂದವು. ನೋಡಿದರೆ ರೈತ ಸಹಾಯದ ಹಣ ಜಮಾ. ಐದನೆಯವಳು, ಹೊಲ ಇಲ್ಲದವಳು, "ಬರ್ರಿ ರೈತರ, ಚಾ ಕುಡಿಸ್ರಿ" ಎಂದಳು. ಎಲ್ಲರೂ ಜೋರಾಗಿ ನಕ್ಕೆವು. ಚಹಾ ಕುಡಿದೆವು. ನಮ್ಮ ನಮ್ಮ ಹೊಲಗಳಲ್ಲಿ ಆ ಹೊತ್ತಿಗೆ ಯಾರು ಬಗ್ಗಿ ಕಳೆ ಕೀಳುತ್ತಿದ್ದರು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ನಿಜವಾದ ಸಂಗತಿಗೆ ಬರುತ್ತೇನೆ. ಬರೆಯಲು ಮನಸ್ಸಿಲ್ಲದ್ದಕ್ಕೇ ಇಷ್ಟು ಸುತ್ತಿದೆ.

ಎರಡು ವರ್ಷದ ಹಿಂದೆ ನಿಂಗಪ್ಪ ನಮ್ಮ ಮನೆಗೆ ಬಂದಿದ್ದ. ಚೀಲದಲ್ಲಿ ಸುಟ್ಟ ಎಳೆಜೋಳದ ಸೀತನಿ ತಂದಿದ್ದ, ನನಗೆ ಇಷ್ಟ ಎಂದು. ಜೇಬಿನಿಂದ ಮಡಚಿದ ಒಂದು ಫಾರ್ಮ್ ತೆಗೆದ. ಕೌಲು ರೈತರಿಗೆ ಸರ್ಕಾರ ಒಂದು ಕಾರ್ಡ್ ಕೊಡುತ್ತದೆ. ಅದಿದ್ದರೆ ಬೀಜ, ಬೆಳೆ ವಿಮೆ, ಸಹಾಯ ಎಲ್ಲ ಉಳುವವನ ಹೆಸರಿಗೇ ಆಗುತ್ತದೆ. ಆದರೆ ಫಾರ್ಮಿನ ಮೇಲೆ ಮಾಲೀಕರ ಸಹಿ ಬೇಕು.

"ಅಕ್ಕಾರ, ನಿಮ್ಮ ಸೈನ್ ಒಂದ್ ಬೇಕಂತ್ರೀ" ಎಂದ. "ನಿಮಗ ತೊಂದ್ರಿ ಆಗೂದಿದ್ರ ಬ್ಯಾಡ್ರಿ."

ತೊಂದರೆ ಏನು ಎಂದು ನನಗೂ ಗೊತ್ತಿರಲಿಲ್ಲ. ಒಳಗೆ ಹೋಗಿ ಹುಬ್ಬಳ್ಳಿಯಲ್ಲಿರುವ ನಮ್ಮ ಅಣ್ಣನಿಗೆ ಫೋನ್ ಮಾಡಿದೆ. ಅವನು ಕೇಳಿ ಮುಗಿಸುವ ಮೊದಲೇ, "ಒಂದ್ ಸಲ ಕಾಗದದಾಗ ಅವನ ಹೆಸರು ಬಂತಂದ್ರ ಹೊಲ ಹೋತು ಅಂತ ತಿಳ್ಕೋ" ಎಂದ. ನಾನು ಹೊರಗೆ ಬಂದು, ಆಗಷ್ಟೇ ಮಾತಾಡಿದ್ದನ್ನು ಮುಚ್ಚಿಟ್ಟು, ಅಣ್ಣನ ಜೊತೆ ಮಾತಾಡಿ ಹೇಳುತ್ತೇನೆ, ಫಾರ್ಮ್ ಇಲ್ಲೇ ಇರಲಿ ಎಂದೆ. ಆತ ಆಗಲಿ ಎಂದ. ಒಂದು ಲೋಟ ನೀರು ಕೇಳಿ ಕುಡಿದು, ಕೌತಾಳಂ ಬಸ್ ಹಿಡಿಯಬೇಕು ಎಂದು ಹೊರಟ.

ಮರುವರ್ಷ ಬಿತ್ತನೆಗೆ ಮುಂಚೆ ಇನ್ನೊಮ್ಮೆ ಬಂದ. ಹೊಸ ಫಾರ್ಮ್ ತಂದಿದ್ದ. ಈ ಸಲ ನಾನು, ಮುಂದಿನ ಹಂಗಾಮಿಗೆ ನೋಡೋಣ ಎಂದೆ. ಆತ ಒತ್ತಾಯ ಮಾಡಲಿಲ್ಲ. ಮೂರನೆಯ ಸಲ ಬರಲೂ ಇಲ್ಲ.

ಆ ಫಾರ್ಮಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ. ಈ ಕಾರ್ಡಿನಿಂದ ಕೌಲುದಾರನಿಗೆ ಭೂಮಿಯ ಮೇಲೆ ಯಾವ ಹಕ್ಕೂ ಬರುವುದಿಲ್ಲ ಎಂದು. ತೆಲುಗಿನಲ್ಲಿದೆ. ನನಗೆ ತೆಲುಗು ಓದಲು ಬರುತ್ತದೆ. ನಾನು ಓದಲಿಲ್ಲ.

ಹೋದ ತಿಂಗಳು ಶೇಂಗಾ ಕಿತ್ತರು. ಬೆಳೆ ಚೆನ್ನಾಗಿತ್ತಂತೆ. ಬಳ್ಳಿ ಸಮೇತ ಕಿತ್ತು, ಅಲ್ಲಲ್ಲಿ ಗುಡ್ಡೆ ಹಾಕಿ ಒಣಗಿಸಿದ್ದರು. ಒಂದು ದಿನ ಬೆಳಿಗ್ಗೆ ಮೋಡ ಕವಿದದ್ದು ನೋಡಿ ನಿಂಗಪ್ಪ, ಕಾಯಿ ನೆನೆದರೆ ಕೆಡುತ್ತದೆ ಎಂದು, ಗುಡ್ಡೆಗಳನ್ನೆಲ್ಲ ಒಂದು ಕಡೆ ಸೇರಿಸಲು ಹೋದ. ಹಂಪಮ್ಮ ಜೊತೆಯಲ್ಲೇ ಇದ್ದಳು. ಎರಡನೆಯ ಗುಡ್ಡೆಯ ಕೆಳಗೆ ಕೈ ಹಾಕಿದವನು ಕೈ ಹಿಂದೆಳೆದುಕೊಂಡ. ಮುಳ್ಳು ಇರಬೇಕು ಎಂದನಂತೆ. ಆಮೇಲೆ ಆಕೆ ಹಾವು ಸರಿದು ಹೋಗುವುದನ್ನು ನೋಡಿದಳು.

ಆಟೋದಲ್ಲಿ ಆದೋನಿಗೆ ಕರೆತಂದರು. ದಾರಿಯಲ್ಲೇ ಹಂಪಮ್ಮ ನನಗೆ ಫೋನ್ ಮಾಡಿದಳು. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆತನನ್ನು ಒಳಗೆ ಮಲಗಿಸಿದ್ದರು. ಎಚ್ಚರವಿತ್ತು. ರೆಪ್ಪೆ ಪೂರ್ತಿ ಎತ್ತಲು ಆಗುತ್ತಿರಲಿಲ್ಲ, ಆದರೂ ನನ್ನನ್ನು ಗುರುತಿಸಿದ ಎಂದು ನನಗೆ ಅನಿಸಿತು. ಏನೋ ಹೇಳಲು ಹೋದ. ನಾಲಿಗೆ ಹೊರಳಲಿಲ್ಲ.

ಹಂಪಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟಿದ್ದಳು. ರಿಜಿಸ್ಟರ್ ತುಂಬಿಸಬೇಕಿತ್ತು. ಗುಮಾಸ್ತ ತೆಲುಗಿನಲ್ಲಿ ಕೇಳುತ್ತಾ ಹೋದ, ನಾನು ಹೇಳುತ್ತಾ ಹೋದೆ. ಹೆಸರು. ಊರು. ವಯಸ್ಸು ಅಂದಾಜು. ಕೆಲಸ ಏನು ಎಂದ.

ನಮ್ಮ ಹೊಲದಲ್ಲಿ ಕೆಲಸ ಮಾಡ್ತಾನೆ, ಎಂದೆ.

ಆತ 'ಕೂಲಿ' ಎಂದು ಬರೆದುಕೊಂಡ. ಬರೆದದ್ದು ನನಗೆ ಕಂಡಿತು. ತಪ್ಪು ಎಂದು ಅನಿಸಲೇ ಇಲ್ಲ.

ನಿಂಗಪ್ಪ ಮಧ್ಯಾಹ್ನಕ್ಕೆ ಮುಂಚೆ ಹೋಗಿಬಿಟ್ಟ.

ಆ ಒಂದು ಮಾತು ಆಸ್ಪತ್ರೆಯ ಪುಸ್ತಕದಿಂದ ಪೊಲೀಸರ ಕಾಗದಕ್ಕೆ ಹೋಯಿತು. ಪೊಲೀಸರ ಕಾಗದದಿಂದ ಮುಂದಿನ ಕಾಗದಕ್ಕೆ. ಯಾರೂ ಮತ್ತೆ ಕೇಳಲಿಲ್ಲ. ಹೊಲದ ಯಜಮಾನಿಯೇ ಹೇಳಿದ ಮೇಲೆ ಇನ್ನೇನು ಕೇಳುವುದು?

ಹೀಗಾಗಿ ಆ ಬುಧವಾರ ನಾವು ಸಚಿವಾಲಯದಲ್ಲಿ ಕುಳಿತದ್ದು. ಅಪಘಾತದಲ್ಲಿ ಸತ್ತ ರೈತನ ಮನೆಯವರಿಗೆ ಸಹಾಯ ಸಿಗುತ್ತದೆ ಎಂದು ಊರಿನವರು ಯಾರೋ ಹಂಪಮ್ಮನಿಗೆ ಹೇಳಿದ್ದರು. ಆಕೆ ನನಗೆ ಹೇಳಿದಳು. ನಾನು ಬಂದೆ. ಕೃಷಿ ಸಹಾಯಕಿಗೆ ಮೂವತ್ತೂ ದಾಟಿರಲಿಕ್ಕಿಲ್ಲ. ಒಳ್ಳೆಯ ಹುಡುಗಿ. ಊರಿಗೆ ಬಂದಾಗಲೆಲ್ಲ ನಿಂಗಪ್ಪನ ಜೊತೆ ಹೊಲದ ಬದುವಿನಲ್ಲಿ ನಿಂತು ಮಾತಾಡಿದವಳು. ಹೋದ ವರ್ಷ ಹತ್ತಿಗೆ ಹುಳ ಬಿದ್ದಾಗ ಯಾವ ಔಷಧಿ ಎಂದು ಆತನಿಗೆ ಬರೆದು ಕೊಟ್ಟವಳೂ ಆಕೆಯೇ.

ನಿಮಗೇ ಗೊತ್ತಲ್ಲ, ರೈತ ಅವನೇ ಎಂದು, ಎಂದೆ.

ನನಗೆ ಗೊತ್ತು, ಊರಿಗೆಲ್ಲ ಗೊತ್ತು, ಸಿಸ್ಟಮ್‌ನಲ್ಲಿ ಇಲ್ಲವಲ್ಲ ಅಮ್ಮ, ಎಂದಳು. ಕಾರ್ಡ್ ಇದ್ದಿದ್ದರೆ ಈ ಕಾಲಂನಲ್ಲಿ ಆತನ ಹೆಸರು ಬರುತ್ತಿತ್ತು ಎಂದು ಬೆರಳಿಟ್ಟು ತೋರಿಸಿದಳು. ಈಗ ಸಹಿ ಹಾಕುತ್ತೇನೆ ಎಂದೆ. ಸತ್ತವರ ಹೆಸರಿಗೆ ಕಾರ್ಡ್ ಕೊಡಲು ಬರುವುದಿಲ್ಲ ಎಂದಳು. ಆಮೇಲೆ ಪೊಲೀಸರ ಕಾಗದ ತಿರುವಿ ಹಾಕಿ, ಇದರಲ್ಲೂ ಕೂಲಿ ಎಂದಿದೆ, ಹೀಗೆ ಯಾರು ಬರೆಸಿದರು ಎಂದು ಕೇಳಿದಳು.

ನಾನು, ಎಂದೆ.

ಯಾರೂ ಬೈಯಲಿಲ್ಲ. ಆ ಹುಡುಗಿ ತಲೆ ತಗ್ಗಿಸಿ ಕಾಗದ ಜೋಡಿಸಿದಳು. ಹಂಪಮ್ಮ ನನ್ನ ಕಡೆ ತಿರುಗಿದಳು.

"ಆ ಹೊತ್ತಿನ್ಯಾಗ ಏನ್ ಬಾಯಿಗೆ ಬಂತೋ ಅದನ್ನ ಹೇಳೀರಿ. ಬಿಡ್ರಿ ಅಕ್ಕಾರ."

ಆಕೆ ಬೈದಿದ್ದರೆ ಚೆನ್ನಾಗಿತ್ತು. ಆ ಹೊತ್ತಿನಲ್ಲಿ ಬಾಯಿಗೆ ಬರುವುದು ಎಲ್ಲಿಂದ ಬರುತ್ತದೆ? ಇಷ್ಟು ವರ್ಷ ಮನಸ್ಸಿನಲ್ಲಿ ಇದ್ದದ್ದೇ ಅಲ್ಲವೇ ಬರುವುದು? ನಾನು ಜಾತಿ ನೋಡುವವಳಲ್ಲ, ಬಡವರನ್ನು ಕೀಳಾಗಿ ಕಾಣುವವಳಲ್ಲ ಎಂದು ನನ್ನ ಬಗ್ಗೆ ನನಗೇ ಒಂದು ನಂಬಿಕೆ ಇತ್ತು. ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ ನಾನು, ಅನ್ನದಾತ ಎಂದು? ಆ ಅನ್ನದಾತ ಎದುರಿಗೆ ಮಲಗಿದ್ದಾಗ ಆತನ ಕೆಲಸ ಏನು ಎಂಬ ಸಣ್ಣ ಪ್ರಶ್ನೆಗೆ ನನಗೆ ಸರಿಯಾದ ಉತ್ತರ ಬರಲಿಲ್ಲ.

ಸಹಾಯಕಿ ಸುಮ್ಮನೆ ಕೂರಲಿಲ್ಲ. ನನ್ನಿಂದ ಒಂದು ಹೇಳಿಕೆ ಬರೆಸಿಕೊಂಡಳು. ಅಕ್ಕಪಕ್ಕದ ಹೊಲದವರು ಇಬ್ಬರು ಬಂದು ಸಾಕ್ಷಿ ಸಹಿ ಹಾಕಿದರು. ಅದನ್ನೆಲ್ಲ ಸೇರಿಸಿ ಮಂಡಲದ ಕಚೇರಿಗೆ ಕಳಿಸಿದಳು. ಶನಿವಾರ ನಾನೇ ಆ ಕಚೇರಿಗೆ ಹೋದೆ. ಅಲ್ಲಿನವರು ಕೂರಿಸಿ, ಸಮಾಧಾನವಾಗಿ ವಿವರಿಸಿದರು. ಸಾವಿಗೆ ಮುಂಚಿನ ದಾಖಲೆ ಬೇಕು. ಆಮೇಲೆ ಬರೆದದ್ದು ನಡೆಯುವುದಿಲ್ಲ. ಹಾಗೆ ನಡೆದರೆ ನಾಳೆ ಯಾರು ಬೇಕಾದರೂ ಬರೆದು ಕೊಡಬಹುದು ಅಲ್ಲವೇ ಅಮ್ಮ, ಎಂದರು. ಹೌದು ಎನ್ನಬೇಕಾಯಿತು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಅಲ್ಲಿಂದ ಸೀದಾ ಹಂಪಮ್ಮನ ಮನೆಗೆ ಹೋದೆ. ಕಿರಿಯ ಮಗಳು ಬಂದಿದ್ದಳು. ಹಂಪಮ್ಮ ಬಾಗಿಲ ಮುಂದೆ ಕುಳಿತು ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದಳು. ಆ ಮಳೆ ಕೊನೆಗೂ ಬರಲಿಲ್ಲವಂತೆ. ಮೋಡ ಹಾಗೇ ಚದುರಿಹೋಯಿತಂತೆ.

ನಡೆದದ್ದನ್ನು ಹೇಳಿದೆ. ಆಕೆ ಕೇಳಿದಳು. ಕೈ ನಿಲ್ಲಲಿಲ್ಲ. ಬರೋದಿಲ್ಲ ಅಂತ ಅಂದುಕೊಂಡಿದ್ದೆ ಎಂದಳು. ಆಮೇಲೆ, "ನಮ್ಮ ಹೊಲದಾಗ ಇನ್ನೂ ಒಂದ್ ಗುಡ್ಡಿ ಉಳದೈತಿ" ಎಂದವಳು ತಡೆದು, "ನಿಮ್ಮ ಹೊಲದಾಗ" ಎಂದು ತಿದ್ದಿಕೊಂಡಳು. ಆ ಗುಡ್ಡೆಯ ಹತ್ತಿರ ಹೋಗಲು ಆಕೆಗೆ ಮನಸ್ಸಾಗಿಲ್ಲ. ಮಗಳಿಗೂ ಆಗಿಲ್ಲ. ಅದು ಅಲ್ಲೇ ಇದೆ.

ಮಗಳು, ಇನ್ನು ಈ ಹೊಲ ಸಾಕು, ನಮ್ಮ ಊರಿಗೆ ಬಂದುಬಿಡವ್ವ ಎಂದು ಕರೆಯುತ್ತಿದ್ದಾಳೆ. ಹಂಪಮ್ಮ ಒಲ್ಲೆ ಎಂದಳು. ಬಿತ್ತುವುದು, ಕಳೆ ತೆಗೆಯುವುದು, ಬಿಡಿಸುವುದು ಎಲ್ಲ ತನಗೂ ಗೊತ್ತು. ಗಳೆ ಹೊಡೆಯಲು ಮಾತ್ರ ಟ್ರ್ಯಾಕ್ಟರ್ ಬಾಡಿಗೆಗೆ ಹೇಳುತ್ತೇನೆ, ಮುಂದಿನ ವರ್ಷ ನಾನೇ ಮಾಡುತ್ತೇನೆ ಎಂದಳು. ಹಾಗಾದರೆ ಕೌಲು ಕಾರ್ಡ್ ನಿನ್ನ ಹೆಸರಿಗೆ ಮಾಡಿಸೋಣ, ನಾನು ಸಹಿ ಹಾಕುತ್ತೇನೆ ಎಂದೆ. ಅಣ್ಣನಿಗೆ ಫೋನ್ ಮಾಡಬೇಕು ಎಂದು ಆಗ ನನಗೆ ಅನಿಸಲಿಲ್ಲ. ಇದು ಎರಡು ವರ್ಷದ ಹಿಂದೆ ಆಗಿದ್ದರೆ?

ಹಂಪಮ್ಮ ಕೈ ನಿಲ್ಲಿಸಿದಳು.

"ಅದ್ರಾಗ ನಮ್ಮಾತನ ಹೆಸರು ಎಲ್ಲ್ಯಾರ ಬರಿತಾರೇನ್ರಿ?"

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ಇದೆ. ಅರ್ಜಿದಾರರ ಹೆಸರು, ಅದರ ಕೆಳಗೆ ತಂದೆ ಅಥವಾ ಗಂಡನ ಹೆಸರು. ಅಲ್ಲಿ ಬರೆಯುತ್ತಾರೆ ಎಂದೆ.

"ಹಂಗಾರ ಮಾಡಸ್ರಿ" ಎಂದಳು. "ಒಂದ್ ಕಡೆ ಆರ ಇರ್ಲಿ."

ಇಪ್ಪತ್ತೆರಡು ವರ್ಷ ಆ ನೆಲದಲ್ಲಿ ದುಡಿದವನು ಸರ್ಕಾರದ ರೈತರ ಲೆಕ್ಕಕ್ಕೆ ಬಂದದ್ದು ಹಾಗೆ. ರೈತನಾಗಿ ಅಲ್ಲ. ರೈತಳೊಬ್ಬಳ ತೀರಿಹೋದ ಗಂಡನಾಗಿ.

ಸೋಮವಾರ ಮತ್ತೆ ಅದೇ ಸಚಿವಾಲಯಕ್ಕೆ ಹೋಗಿ ಸಹಿ ಹಾಕಿದೆ. ಹಂಪಮ್ಮ ಹೆಬ್ಬೆಟ್ಟು ಒತ್ತಿದಳು. ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಎರಡು ವರ್ಷ ನಾನು ಮುಂದೂಡಿದ್ದು ಈ ಹತ್ತು ನಿಮಿಷವನ್ನು. ಸಹಾಯಕಿ, ಈ ಕಾರ್ಡ್ ಹನ್ನೊಂದು ತಿಂಗಳಿಗೆ ಮಾತ್ರ, ಆಮೇಲೆ ಮತ್ತೆ ಮಾಲೀಕರು ಬಂದು ಸಹಿ ಹಾಕಬೇಕು ಎಂದಳು.

ಹೊರಗೆ ಬಂದ ಮೇಲೆ ಹಂಪಮ್ಮ ಆ ಮಾತನ್ನು ನನ್ನಿಂದ ಕನ್ನಡದಲ್ಲಿ ಇನ್ನೊಮ್ಮೆ ಕೇಳಿಸಿಕೊಂಡಳು. ಹನ್ನೊಂದು ತಿಂಗಳು ಎಂದರೆ ಯಾವ ಹಬ್ಬದ ಹೊತ್ತಿಗೆ ಎಂದು ಬೆರಳು ಮಡಚಿ ಎಣಿಸಿದಳು.

"ಆಗ ಮತ್ತ ಹಾಕ್ತೀರೇನ್ರಿ ಅಕ್ಕಾರ?" ಎಂದು ಕೇಳಿದಳು.

ಹಾಕುತ್ತೇನೆ ಎಂದೆ. ಆಕೆ ತಲೆಯಾಡಿಸಿದಳು. ನಂಬಿದ ಹಾಗೆ ಕಾಣಲಿಲ್ಲ.

ಯಾಕೆ ನಂಬಬೇಕು?